ತೋಳಿಲ್ಲದ ಉಡುಪಿನ ಕತ್ತು, ಕಂಕುಳು: ಪಟ್ಟಿಯೋ, ಪೈಪಿಂಗೋ, ಫೇಸಿಂಗೋ, ಲೈನಿಂಗೋ?

ತೋಳಿಲ್ಲದ ಕುರ್ತಾವನ್ನು ಚೆನ್ನಾಗಿ ಹೊಲಿದಿದ್ದಾರಾ ಅಂತ ತಿಳಿಯಬೇಕಾದರೆ ಮುಂಭಾಗದ ಕಸೂತಿ ನೋಡಬೇಡಿ. ಒಳಗಿನಿಂದ ತಿರುಗಿಸಿ, ಕಂಕುಳ ಕೆಳಗೆ ಬದಿ ಹೊಲಿಗೆ ಬಂದು ಸೇರುವ ಜಾಗ ನೋಡಿ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲೋ ಜಯನಗರ 4ನೇ ಬ್ಲಾಕಿನಲ್ಲೋ ಸಾಲಾಗಿ ತೂಗುಹಾಕಿದ ಕುರ್ತಾಗಳಲ್ಲಿ ಈ ಒಂದು ಜಾಗ ನೋಡಿದರೆ ಹೊಲಿದವರು ಎಷ್ಟು ಅವಸರದಲ್ಲಿದ್ದರು ಅನ್ನೋದು ಗೊತ್ತಾಗುತ್ತದೆ. ಕೆಲವದರಲ್ಲಿ ಓವರ್‌ಲಾಕ್ ಮಾಡಿ (ಎಳೆ ಬಿಡದ ಹಾಗೆ ಅಂಚನ್ನು ದಾರದಿಂದ ಸುತ್ತಿ ಹೊಲಿದು) ಒಂದೇ ಸಲ ಮಡಚಿ ಮೆಷಿನ್ ಓಡಿಸಿರುತ್ತಾರೆ. ಕೆಲವದರಲ್ಲಿ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ, ಇರುತ್ತದೆ. ಪಟ್ಟಿ ಇದ್ದರೂ ಅದು ಸುರುಳಿ ಸುತ್ತಿಕೊಂಡು ನಿಂತಿರಬಹುದು, ಇಲ್ಲವೇ ಮೈಗೆ ಅಂಟಿದ ಹಾಗೆ ಮಟ್ಟಸವಾಗಿ ಕೂತಿರಬಹುದು.

ಮನೆಯಲ್ಲಿ ಹೊಲಿಯುವವರಲ್ಲಿ ಬಹಳ ಜನ ಒಂದೇ ವಿಧಾನ ಕಲಿತು, ಅದನ್ನೇ ಕತ್ತಿಗೂ ಕಂಕುಳಿಗೂ, ತೆಳು ಮಲ್ ಕಾಟನ್‌ಗೂ ರೇಷ್ಮೆಗೂ ಹಾಕುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಕತ್ತು ಎಲ್ಲರಿಗೂ ಕಾಣುವ ಜಾಗ. ಅಲ್ಲಿ ಆಕಾರ ಮುಖ್ಯ. ಕಂಕುಳು ದುಡಿಯುವ ಜಾಗ. ಅಲ್ಲಿ ಬಟ್ಟೆ ಉಜ್ಜುತ್ತದೆ, ಬೆವರು ಹೀರುತ್ತದೆ, ಕೈ ಎತ್ತಿದಾಗಲೆಲ್ಲ ಎಳೆತಕ್ಕೆ ಸಿಗುತ್ತದೆ. ಎರಡಕ್ಕೂ ಒಂದೇ ಫಿನಿಶಿಂಗ್ ಇರಲೇಬೇಕು ಅಂತ ಯಾವ ನಿಯಮವೂ ಇಲ್ಲ. ಬೇರೆ ಬೇರೆ ಮಾಡಿದರೆ ಉಡುಪು ಎಷ್ಟೋ ಚೆನ್ನಾಗಿ ಕೂರುತ್ತದೆ. ಹಾಗಾಗಿ ಒಂದೊಂದು ವಿಧಾನವನ್ನೂ ಎರಡು ಸಲ ಪ್ರಶ್ನೆ ಮಾಡಬೇಕು: ಇದು ಕತ್ತಿಗೆ ಸರಿಯಾ? ಇದು ಕಂಕುಳಿಗೆ ಸರಿಯಾ?

ಕತ್ತರಿ ಹಾಕುವ ಮುಂಚೆಯೇ ತೀರ್ಮಾನ ಮಾಡಿ

ಫಿನಿಶಿಂಗ್ ಅಂದರೆ ಕೊನೆಗೆ ಮಾಡುವ ಕೆಲಸ ಅಂದುಕೊಳ್ಳುತ್ತೇವೆ. ಆದರೆ ಯಾವ ಫಿನಿಶಿಂಗ್ ಅನ್ನೋದನ್ನು ಬಟ್ಟೆ ಕತ್ತರಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಾರಣ ಮಾರ್ಜಿನ್, ಅಂದರೆ ಹೊಲಿಗೆ ಗೆರೆಯಾಚೆ ಬಿಡುವ ಬಟ್ಟೆ. ಒಳಕ್ಕೆ ಮಡಚುವ ಪಟ್ಟಿ, ಪೈಪಿಂಗ್ (ಒಳಗೆ ದಾರವಿಟ್ಟು ಅಂಚಿಗೆ ಕೂರಿಸುವ ಸಣ್ಣ ಎಳೆ), ಫೇಸಿಂಗ್ (ಅಂಚಿನ ಆಕಾರದಲ್ಲೇ ಕತ್ತರಿಸಿ ಒಳಕ್ಕೆ ಮಗುಚುವ ತುಂಡು), ಲೈನಿಂಗ್ (ಒಳಪದರದ ಬಟ್ಟೆ) ಈ ನಾಲ್ಕಕ್ಕೂ ಹೊಲಿಗೆಗೆ ಮಾರ್ಜಿನ್ ಬೇಕು. 3/8 ಇಂಚು ಬಿಟ್ಟರೆ ಸಾಕು. ಅಂಚನ್ನೇ ಸುತ್ತಿ ಹೊರಗೆ ಕಾಣುವ ಹಾಗೆ ಹಚ್ಚುವ ಪಟ್ಟಿಗೆ ಮಾರ್ಜಿನ್ ಬೇಡವೇ ಬೇಡ. ಕತ್ತರಿಸಿದ ಅಂಚೇ ಅಲ್ಲಿ ಕೊನೆಯ ಅಂಚು.

ಮಾರ್ಜಿನ್ ಬಿಟ್ಟು ಕತ್ತರಿಸಿದ ಬಟ್ಟೆಗೆ ಸುತ್ತುವ ಪಟ್ಟಿ ಹಾಕಿದರೆ ಏನಾಗುತ್ತದೆ? ಕತ್ತು ಸುತ್ತಲೂ 3/8 ಇಂಚು ಮೇಲೆ ಬರುತ್ತದೆ. ಆರ್ಮ್‌ಹೋಲ್ (ಕೈ ತೂರಿಸುವ ಜಾಗ) ಸುತ್ತಳತೆ ಹತ್ತಿರ ಹತ್ತಿರ ಒಂದು ಇಂಚು ಕಡಿಮೆಯಾಗುತ್ತದೆ. ಕಂಕುಳು ಕಚ್ಚಲು ಅಷ್ಟು ಸಾಕು. ಇದರ ಉಲ್ಟಾ ಮಾಡಿದರೆ, ಅಂದರೆ ಮಾರ್ಜಿನ್ ಇಲ್ಲದ ಕಟಿಂಗ್‌ಗೆ ಒಳಪಟ್ಟಿ ಹಚ್ಚಿದರೆ, ಆರ್ಮ್‌ಹೋಲ್ ಅಗಲವಾಗಿ ಬ್ರಾ ಪಟ್ಟಿ ಇಣುಕುತ್ತದೆ. ಹೊಲಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹಾಕಿಕೊಂಡಾಗ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯ. ತೋಳಿರುವ ಕುರ್ತಾದ ಅಳತೆಯಲ್ಲೇ ಕತ್ತರಿಸಿ ತೋಳು ಮಾತ್ರ ಬಿಟ್ಟುಬಿಟ್ಟರೆ ಅದು ತೋಳಿಲ್ಲದ ಕುರ್ತಾ ಆಗುವುದಿಲ್ಲ. ತೋಳು ಇದ್ದಾಗ ಕಂಕುಳ ಕೆಳಗಿನ ಸಡಿಲವನ್ನು ಅದು ಮುಚ್ಚುತ್ತದೆ. ಇಲ್ಲದಾಗ ಆ ಸಡಿಲ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಆರ್ಮ್‌ಹೋಲಿನ ತಳವನ್ನು ಅರ್ಧ ಇಂಚು ಮೇಲಕ್ಕೆ ತನ್ನಿ, ಭುಜದ ತುದಿಯನ್ನು ಅರ್ಧ ಇಂಚು ಒಳಕ್ಕೆ ತನ್ನಿ. ಆಮೇಲೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಹಾಗೆ ಕೈ ಎತ್ತಿ ಕನ್ನಡಿ ಮುಂದೆ ನಿಂತು ನೋಡಿ. ದಿನಾ ಬಿಎಂಟಿಸಿಯಲ್ಲಿ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎದೆಯ ಪಕ್ಕ ಆರ್ಮ್‌ಹೋಲ್ ಜೋಲು ಬಿದ್ದರೆ ಅಲ್ಲಿ ಸಣ್ಣ ಡಾರ್ಟ್ (ಸಡಿಲವನ್ನು ಚೂಪಾಗಿ ಮಡಚಿ ಹಾಕುವ ಹೊಲಿಗೆ) ಬೇಕು. ಪಟ್ಟಿಯನ್ನು ಎಳೆದು ಹೊಲಿದು ಸ್ವಲ್ಪ ಸಡಿಲವನ್ನು ಹಿಡಿಯಬಹುದು, ಜಾಸ್ತಿ ಆಗುವುದಿಲ್ಲ.

ಕತ್ತರಿಸಿದ ಕೂಡಲೇ ಕತ್ತು ಮತ್ತು ಆರ್ಮ್‌ಹೋಲಿನ ಅಂಚಿನ ಹತ್ತಿರ, ಮಾರ್ಜಿನ್ ಒಳಗೇ, ಒಂದು ಪದರದ ಮೇಲೆ ಒಂದು ಸಾದಾ ಹೊಲಿಗೆ ಹಾಕಿಬಿಡಿ. ಕತ್ತಿಗೆ ಭುಜದಿಂದ ನಡುವಿನವರೆಗೆ ಒಂದು, ಇನ್ನೊಂದು ಭುಜದಿಂದ ನಡುವಿನವರೆಗೆ ಇನ್ನೊಂದು. ದುಂಡಗೆ ಕತ್ತರಿಸಿದ ಅಂಚಿನಲ್ಲಿ ಬಟ್ಟೆ ಓರೆಯಾಗಿರುತ್ತದೆ, ಸುಮ್ನೆ ಕೈಯಲ್ಲಿ ಹಿಡಿದು ಓಡಾಡಿದರೂ ಹಿಗ್ಗುತ್ತದೆ. ಹಿಗ್ಗಿದ ಕತ್ತನ್ನು ಆಮೇಲೆ ಯಾವ ಫಿನಿಶಿಂಗೂ ಸರಿಮಾಡುವುದಿಲ್ಲ. ಸುತ್ತುವ ಪಟ್ಟಿಗಾದರೆ ಈ ಹೊಲಿಗೆ ಪಟ್ಟಿಯಡಿ ಮುಚ್ಚಿಹೋಗುವಷ್ಟು ಅಂಚಿಗೆ ಹತ್ತಿರವಿರಲಿ.

ಒಳಕ್ಕೆ ಮಡಚುವ ಕ್ರಾಸ್ ಪಟ್ಟಿ

ನನ್ನನ್ನು ಕೇಳಿದರೆ, ಬೆಂಗಳೂರಿನಲ್ಲಿ ದಿನಾ ಹಾಕುವ ಕಾಟನ್ ಕುರ್ತಾದ ಕಂಕುಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹೊರಗಿನಿಂದ ಒಂದು ಹೊಲಿಗೆ ಗೆರೆ ಮಾತ್ರ ಕಾಣುತ್ತದೆ, ಕೈಯಲ್ಲಿ ಹೆಮ್ಮಿಂಗ್ ಮಾಡಿದರೆ ಅದೂ ಇಲ್ಲ. ಒಳಗೆ ಎಲ್ಲೂ ಹಸಿ ಅಂಚು ಇರುವುದಿಲ್ಲ. ತೆಳುವಾಗಿರುವುದರಿಂದ ಮಳೆಗಾಲದಲ್ಲಿ ಬೇಗ ಒಣಗುತ್ತದೆ. ಜುಲೈ ತಿಂಗಳಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರಿಗೆ ಇದು ಸಣ್ಣ ಮಾತಲ್ಲ. ದಪ್ಪ ಫೇಸಿಂಗ್ ಇರುವ ಕುರ್ತಾ ಪೂರ್ತಿ ಒಣಗಿದ್ದರೂ ಕಂಕುಳು ಮಾತ್ರ ತಣ್ಣಗೇ ಇರುತ್ತದೆ.

ಪಟ್ಟಿಯನ್ನು ಬಟ್ಟೆಯ ಎಳೆಗೆ 45 ಡಿಗ್ರಿ ಓರೆಯಲ್ಲೇ ಕತ್ತರಿಸಬೇಕು. ನೇರ ಎಳೆಯ ಪಟ್ಟಿ ದುಂಡಗೆ ತಿರುಗುವುದಿಲ್ಲ, ಮೂಲೆ ಮೂಲೆಯಾಗಿ ನಿಲ್ಲುತ್ತದೆ. ಓರೆ ಪಟ್ಟಿ ಬಾಗುತ್ತದೆ, ಎಳೆಯೂ ಕಡಿಮೆ ಬಿಡುತ್ತದೆ. ಬಟ್ಟೆಯ ಒಂದು ಮೂಲೆಯನ್ನು ತ್ರಿಕೋನವಾಗಿ ಮಡಚಿದರೆ ಸಿಗುವ ಮಡಿಕೆಯೇ ಸರಿಯಾದ ಓರೆ. ಅದರ ಪಕ್ಕದಲ್ಲಿ 1¼ ಇಂಚು ಅಗಲಕ್ಕೆ ಗೆರೆ ಹಾಕಿಕೊಂಡು ಹೋಗಿ. ಸಾಧಾರಣ ಕುರ್ತಾಗೆ ಕತ್ತಿಗೆ 28 ಇಂಚು, ಒಂದೊಂದು ಆರ್ಮ್‌ಹೋಲ್‌ಗೆ 17 ಇಂಚು ಅಂದುಕೊಂಡರೂ ಎಲ್ಲ ಸೇರಿ 62 ಇಂಚು, ಅಂದರೆ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ಪಟ್ಟಿ ಒಂದು ಅಡಿ ಚೌಕದ ತುಂಡಿನಲ್ಲೇ ಸಿಗುತ್ತದೆ. ಆದರೆ ಚಿಕ್ಕ ತುಂಡಾದರೆ ಜೋಡಣೆ ಜಾಸ್ತಿ. ಜೋಡಣೆಯ ಹೊಲಿಗೆಯೂ ಓರೆಯಾಗಿಯೇ ಇರಲಿ, ಅದು ಕತ್ತಿನ ಮುಂಭಾಗಕ್ಕೆ ಬಾರದೆ ಭುಜದ ಹತ್ತಿರವೋ ಕಂಕುಳ ಕೆಳಗೋ ಬರುವ ಹಾಗೆ ನೋಡಿಕೊಳ್ಳಿ.

ಬಟ್ಟೆ ಸಾಲದಿದ್ದರೆ ಒಂದು ದಾರಿಯಿದೆ. ರೆಡಿಮೇಡ್ ಕುರ್ತಾ ಕೊಂಡಾಗ ಎಷ್ಟೋ ಸಲ ತೋಳಿನ ತುಂಡುಗಳನ್ನು ಒಳಗೆ ಪಿನ್ ಮಾಡಿ ಕೊಟ್ಟಿರುತ್ತಾರೆ. ತೋಳು ಬೇಡ ಅನ್ನುವವರು ಅದನ್ನು ಮೂಲೆಗೆ ಹಾಕುತ್ತಾರೆ. ಅದೇ ಬಣ್ಣದ, ಅದೇ ಬಟ್ಟೆಯ ಕ್ರಾಸ್ ಪಟ್ಟಿಗೆ ಅದು ಸಾಕಾಗುತ್ತದೆ. ಅಂಗಡಿಯಲ್ಲಿ ಓವರ್‌ಲಾಕ್ ಮಾಡಿದ ಆರ್ಮ್‌ಹೋಲನ್ನು ಬಿಚ್ಚಿ, ಈ ಪಟ್ಟಿ ಹಚ್ಚಿದರೆ ಅದೇ ಕುರ್ತಾ ಇನ್ನೂ ಕೆಲವು ವರ್ಷ ಬಾಳುತ್ತದೆ.

ಖಾದಿಯಂಥ ದಪ್ಪ ಬಟ್ಟೆಗೆ ಅದೇ ಬಟ್ಟೆಯ ಪಟ್ಟಿ ಬೇಡ. ಬಣ್ಣ ಹೊಂದುವ ಮಲ್ ಅಥವಾ ರೂಬಿಯಾದಂಥ ತೆಳು ಬಟ್ಟೆ ತೆಗೆದುಕೊಳ್ಳಿ.

ಈಗ ಹಚ್ಚುವ ಕೆಲಸ. ಮೊದಲು ಪಟ್ಟಿಯ ಒಂದು ಉದ್ದ ಅಂಚನ್ನು ಕಾಲು ಇಂಚು ಮಡಚಿ ಇಸ್ತ್ರಿ ಮಾಡಿ. ಆಮೇಲೆ ಇಸ್ತ್ರಿ ಪೆಟ್ಟಿಗೆಯ ಕೆಳಗೇ ಪಟ್ಟಿಯನ್ನು ಬಾಗಿಸಿ, ಮಡಚಿದ ಅಂಚು ಹೊರಸುತ್ತಿಗೆ ಬರುವ ಹಾಗೆ ಕಮಾನಿನ ಆಕಾರ ಕೊಡಿ. ಬಹಳ ಜನ ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಆದರೆ ಒಳಪಟ್ಟಿ ಮಟ್ಟಸವಾಗಿ ಕೂರುವುದು ಇದರಿಂದಲೇ. ಯಾಕೆ ಅಂದರೆ ಪಟ್ಟಿಯ ಹೊಲಿದ ಅಂಚು ಆರ್ಮ್‌ಹೋಲಿನ ತುದಿಯಲ್ಲಿರುತ್ತದೆ, ಮಡಚಿದ ಅಂಚು ಅರ್ಧ ಇಂಚಿಗೂ ಸ್ವಲ್ಪ ಹೆಚ್ಚು ಆಚೆ, ದೊಡ್ಡ ಸುತ್ತಿನಲ್ಲಿ ಕೂರಬೇಕು. ಅದು ಉದ್ದವಾಗಿರಬೇಕು. ಹೊಲಿಯುವಾಗ ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಆ ಅಂಚು ಗಿಡ್ಡವಾಗಿ, ಆರ್ಮ್‌ಹೋಲ್ ಪೂರ್ತಿ ಒಳಗೆ ಸೆಳೆದುಕೊಂಡು ಸುಕ್ಕು ಬೀಳುತ್ತದೆ. ಒಳಪಟ್ಟಿಯನ್ನು ಎಳೆಯಬೇಡಿ, ಸಹಜವಾಗಿ ಇಟ್ಟು ಹೊಲಿಯಿರಿ. ಕಂಕುಳ ತಳದ ಆಳವಾದ ತಿರುವಿನಲ್ಲಿ ಬಟ್ಟೆ ಸಡಿಲವಿದೆ ಅನ್ನಿಸಿದರೆ ಮಾತ್ರ ಕೂದಲೆಳೆಯಷ್ಟು.

ಬಟ್ಟೆಯ ಮೇಲ್ಮೈಗೆ ಪಟ್ಟಿಯ ಮೇಲ್ಮೈ ಸೇರಿಸಿ 3/8 ಇಂಚಿಗೆ ಹೊಲಿಯಿರಿ. ಮಾರ್ಜಿನ್ ಅನ್ನು ಕಾಲು ಇಂಚಿಗೆ ಕತ್ತರಿಸಿ, ತಿರುವು ಇರುವ ಕಡೆ ಅರ್ಧ ಇಂಚಿಗೊಂದು ಕಟ್ ಕೊಡಿ. ಕತ್ತರಿಯ ತುದಿ ಹೊಲಿಗೆಗೆ 1-2 ಮಿಲಿಮೀಟರ್ ದೂರದಲ್ಲಿ ನಿಲ್ಲಬೇಕು. ಕಟ್ ಆಳ ಸಾಲದಿದ್ದರೆ ಮಡಚಿದ ಮೇಲೆ ಅಂಚು ಬಿಗಿದುಕೊಳ್ಳುತ್ತದೆ, ಹೊಲಿಗೆ ದಾಟಿದರೆ ತೂತು. ಆಮೇಲೆ ಮಾರ್ಜಿನ್ ಪೂರ್ತಿ ಪಟ್ಟಿಯ ಕಡೆ ತಳ್ಳಿ, ಪಟ್ಟಿಯ ಮೇಲೆ ಹೊಲಿಗೆ ಗೆರೆಯ ಪಕ್ಕದಲ್ಲೇ 2 ಮಿಲಿಮೀಟರ್ ಬಿಟ್ಟು ಇನ್ನೊಂದು ಹೊಲಿಗೆ ಓಡಿಸಿ. ಇದೇ ಅಂಡರ್‌ಸ್ಟಿಚ್. ಇದು ಹೊರಗೆ ಕಾಣುವುದಿಲ್ಲ, ಪಟ್ಟಿ ಹೊರಗೆ ಇಣುಕದ ಹಾಗೆ ಹಿಡಿದಿಡುತ್ತದೆ. ಈಗ ಪಟ್ಟಿಯನ್ನು ಒಳಕ್ಕೆ ಮಗುಚಿ, ಹೊಲಿಗೆ ಗೆರೆ ಒಂದು ಮಿಲಿಮೀಟರ್ ಒಳಗೆ ಉರುಳುವ ಹಾಗೆ ಬೆರಳಲ್ಲಿ ಒತ್ತುತ್ತಾ ಇಸ್ತ್ರಿ ಮಾಡಿ, ಮಡಚಿದ ಅಂಚಿಗೆ ಹೊಲಿಗೆ ಹಾಕಿ.

ಪಟ್ಟಿಯನ್ನು ಬದಿ ಹೊಲಿಯುವ ಮೊದಲು ಹಚ್ಚಬೇಕಾ, ಆಮೇಲಾ? ಮೊದಲೇ ಹಚ್ಚಿದರೆ ಬಟ್ಟೆ ಮಟ್ಟಸವಾಗಿರುತ್ತದೆ, ಕೆಲಸ ಬೇಗ. ಆದರೆ ಬದಿ ಹೊಲಿಗೆ ಪಟ್ಟಿಯ ಮೇಲೆ ಹಾದು, ಕಂಕುಳ ಕೆಳಗೆ ಸರಿಯಾಗಿ ಚುಚ್ಚುವ ಜಾಗದಲ್ಲೇ ದಪ್ಪ ಗಂಟು ಉಳಿಯುತ್ತದೆ. ಆ ಮಾರ್ಜಿನ್ ತುದಿ ಹೊರಗೂ ಇಣುಕುತ್ತದೆ. ಬದಿ ಹೊಲಿದ ಮೇಲೆ, ದುಂಡಗಿನ ಆರ್ಮ್‌ಹೋಲ್‌ಗೆ ಪಟ್ಟಿ ಹಚ್ಚಿ. ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು. ಮೈಗೆ ತಾಗುವ ಜಾಗ ಅದು, ಹತ್ತು ನಿಮಿಷ ಕೊಡಿ. ಚಿಕ್ಕ ಮಕ್ಕಳ ಫ್ರಾಕಿನಲ್ಲಿ ಆರ್ಮ್‌ಹೋಲ್ ತೀರಾ ಪುಟ್ಟದು, ಮೆಷಿನ್ ಅಡಿ ತಿರುಗುವುದೇ ಕಷ್ಟ. ಅಲ್ಲಿ ಮಾತ್ರ ಮೊದಲೇ ಹಚ್ಚಿ, ಬದಿ ಹೊಲಿಗೆಯ ತುದಿಯನ್ನು ಹಿಂಭಾಗಕ್ಕೆ ಮಡಚಿ ಕೈಹೊಲಿಗೆಯಲ್ಲಿ ಕೂರಿಸಿ.

ಅಂಚನ್ನು ಸುತ್ತುವ ಪಟ್ಟಿ

ಇದು ಹೊರಗೆ ಕಾಣುವ ಪಟ್ಟಿ. ಅಜ್ಜಿಯ ಕಾಲದ ಪೆಟಿಕೋಟಿನಲ್ಲಿ, ಮಕ್ಕಳ ಜಬಲಾದಲ್ಲಿ ನೋಡಿರುತ್ತೀರಿ. ಬಣ್ಣ ಬೇರೆ ಇಟ್ಟರೆ ಅದೇ ಅಲಂಕಾರ. ಕತ್ತಿಗೂ ಕಂಕುಳಿಗೂ ಎರಡಕ್ಕೂ ಹೊಂದುತ್ತದೆ, ಎಳೆ ಬಿಡುವ ಬಟ್ಟೆಯ ಅಂಚನ್ನು ಎರಡು ಕಡೆಯಿಂದಲೂ ಮುಚ್ಚುತ್ತದೆ, ಗಟ್ಟಿಯೂ ಹೌದು.

ಇಲ್ಲಿ ಎಳೆತದ ಲೆಕ್ಕ ತಿರುಗುಮುರುಗು. ಪಟ್ಟಿಯ ಮಡಿಕೆ ಕೂರುವುದು ಒಳಸುತ್ತಿನಲ್ಲಿ, ಹೊಲಿಗೆ ಇರುವುದು ಅದಕ್ಕಿಂತ ದೊಡ್ಡ ಸುತ್ತಿನಲ್ಲಿ. ಹಾಗಾಗಿ ತಿರುವುಗಳಲ್ಲಿ ಪಟ್ಟಿಯನ್ನು ಸ್ವಲ್ಪ ಎಳೆದೇ ಹೊಲಿಯಬೇಕು. ಕತ್ತಿನ ಮುಂಭಾಗದ ಬಾಗು, ಕಂಕುಳ ತಳ, ಈ ಎರಡು ಕಡೆ. ಭುಜದ ಹತ್ತಿರ ಗೆರೆ ನೇರವಿರುತ್ತದೆ, ಅಲ್ಲಿ ಎಳೆಯಬೇಡಿ. ಎಳೆಯದೆ ಹೊಲಿದ ಪಟ್ಟಿ ಕತ್ತಿನಿಂದ ಎದ್ದು ನಿಲ್ಲುತ್ತದೆ. ಒಳಪಟ್ಟಿ, ಹೊರಪಟ್ಟಿ ಎರಡೂ ನೋಡಲು ಒಂದೇ ತುಂಡು ಬಟ್ಟೆ, ಆದರೆ ಕೈ ಮಾತ್ರ ಒಂದಕ್ಕೆ ಸಡಿಲ, ಇನ್ನೊಂದಕ್ಕೆ ಬಿಗಿ. ಇದಿಷ್ಟು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ಕಾಲು ಇಂಚು ಕಾಣುವ ಪಟ್ಟಿಗೆ ಒಂದು ಪದರವಾದರೆ 1 ಇಂಚಿಗಿಂತ ತುಸು ಜಾಸ್ತಿ ಅಗಲ ಬೇಕು. ಪಟ್ಟಿಯನ್ನೇ ಉದ್ದಕ್ಕೆ ಎರಡಾಗಿ ಮಡಚಿ ಹಚ್ಚುವುದಾದರೆ 1½ ರಿಂದ 1¾ ಇಂಚು. ಜಾರ್ಜೆಟ್, ಶಿಫಾನ್‌ಗೆ ಈ ಎರಡು ಪದರದ್ದೇ ಸರಿ. ಅದರಲ್ಲಿ ಮಾರ್ಜಿನ್ ಹೊರಗಿನಿಂದ ಕಾಣುವುದು ಕಡಿಮೆ, ಮಡಿಕೆ ಮೊದಲೇ ಸಿದ್ಧವಿರುವುದರಿಂದ ಜಾರುವ ಬಟ್ಟೆಯನ್ನು ಮತ್ತೆ ಮಡಚುವ ಕಷ್ಟವೂ ಇಲ್ಲ.

ಒಂದು ಎಚ್ಚರಿಕೆ. ಬಿಳಿ ಕುರ್ತಾಗೆ ಕೆಂಪು ಪಟ್ಟಿ ಹಾಕುವ ಆಸೆ ಇದ್ದರೆ ಮೊದಲು ಕೆಂಪು ಬಟ್ಟೆಯನ್ನು ನೆನೆಸಿ, ಒದ್ದೆ ಇರುವಾಗಲೇ ಒಂದು ಬಿಳಿ ಚಿಂದಿಯ ಮೇಲೆ ಇಟ್ಟು ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ಬಟ್ಟೆ ಬೇಡ.

ಪೈಪಿಂಗ್

ರವಿಕೆಯ ಕತ್ತಿಗೆ ಪೈಪಿಂಗ್ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನರಿಗೆ ರವಿಕೆ ಪೂರ್ತಿಯಾದ ಹಾಗೇ ಅನ್ನಿಸುವುದಿಲ್ಲ. ಸೀರೆಯ ಅಂಚಿನ ಬಣ್ಣವನ್ನು ಕತ್ತಿನ ಸುತ್ತ ಒಂದು ಎಳೆಯಾಗಿ ತರುವುದು ನಿಜಕ್ಕೂ ಚೆಂದ. ಆಕಾರವನ್ನೂ ಅದು ಎತ್ತಿ ತೋರಿಸುತ್ತದೆ. ಆಳವಾದ ಹಿಂಗತ್ತು ಇದ್ದರೆ ಒಳಗಿನ ದಾರ ಅಂಚಿಗೆ ಸ್ವಲ್ಪ ಬಲ ಕೊಡುತ್ತದೆ.

ಆದರೆ ಪೈಪಿಂಗ್ ಒಂದೇ ಫಿನಿಶಿಂಗ್ ಆಗುವುದಿಲ್ಲ. ಅದು ಬಟ್ಟೆಗೂ ಒಳಪದರಕ್ಕೂ ನಡುವೆ ಕೂರುವ ಅಲಂಕಾರ. ಹಿಂದೆ ಲೈನಿಂಗ್ ಬೇಕು, ಇಲ್ಲವೇ ಪೈಪಿಂಗ್ ಪಟ್ಟಿಯನ್ನೇ ಅಗಲವಾಗಿ ಕತ್ತರಿಸಿ ಉಳಿದ ಭಾಗವನ್ನು ಒಳಗೆ ಮಡಚಿ ಹೆಮ್ಮಿಂಗ್ ಮಾಡಬೇಕು. ಒಂದು ಕಡೆ ಮಾತ್ರ ಅಂಚಿರುವ ಪ್ರೆಸರ್ ಫೂಟ್ (ಮೆಷಿನ್‌ನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಹಾಕಿಕೊಂಡರೆ ಸೂಜಿ ದಾರದ ಪಕ್ಕಕ್ಕೇ ಹೋಗುತ್ತದೆ. ಜಿಪ್ ಹಚ್ಚುವ ಫೂಟ್ ಆದರೂ ಸರಿ. ಒಳಗೆ ಹಾಕುವ ದಾರ ಹತ್ತಿಯದಾದರೆ ಮೊದಲು ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ದಾರ ಕುಗ್ಗಿ, ಕತ್ತು ಪೂರ್ತಿ ನೆರಿಗೆಯಾಗುತ್ತದೆ.

ಕಂಕುಳಿಗೆ ಪೈಪಿಂಗ್ ನಾನು ಯಾರಿಗೂ ಹೇಳುವುದಿಲ್ಲ. ಗಟ್ಟಿ ಎಳೆಯೊಂದು ಇಡೀ ದಿನ ಒಂದೇ ಜಾಗದಲ್ಲಿ ಉಜ್ಜಿದರೆ ಚರ್ಮ ಕೆಂಪಾಗುತ್ತದೆ, ಸ್ಕೂಟರ್ ಓಡಿಸುವವರಿಗೆ ಇನ್ನೂ ಜಾಸ್ತಿ. ಕತ್ತಿನ ಜೊತೆ ಹೊಂದಬೇಕು ಅಂತ ಹಠವಿದ್ದರೆ ಭುಜದಿಂದ ಅರ್ಧದವರೆಗೆ ಮಾತ್ರ ಇಟ್ಟು, ಕಂಕುಳ ತಳ ಬರುವ ಮೊದಲೇ ದಾರವನ್ನು ಮಾರ್ಜಿನ್ ಒಳಗೆ ಮುಗಿಸಿಬಿಡಿ. ಕೈ ಇಳಿಸಿದಾಗ ಗೊತ್ತೇ ಆಗುವುದಿಲ್ಲ.

ಆಕಾರದ ಫೇಸಿಂಗ್

ಕತ್ತಿನ ಆಕಾರದಲ್ಲೇ ಇನ್ನೊಂದು ತುಂಡು ಕತ್ತರಿಸಿ, ಸೇರಿಸಿ ಹೊಲಿದು ಒಳಕ್ಕೆ ಮಗುಚುವುದು ಫೇಸಿಂಗ್. ಅಗಲ 2 ರಿಂದ 2½ ಇಂಚು. ಹಿಂದೆ ಇಸ್ತ್ರಿಗೆ ಅಂಟುವ ತೆಳು ಕ್ಯಾನ್ವಾಸ್. ವಿ ಕತ್ತು, ಚೌಕ ಕತ್ತು, ಎಲೆಯಾಕಾರ, ಸೀಳಿರುವ ಕುರ್ತಾ ಕತ್ತು, ಇವಕ್ಕೆಲ್ಲ ಫೇಸಿಂಗೇ ರಾಜ. ಮೂಲೆ ಚೂಪಾಗಿ ಬರಬೇಕಾದ ಕಡೆ ಕ್ರಾಸ್ ಪಟ್ಟಿ ಸೋಲುತ್ತದೆ. ಫೇಸಿಂಗ್‌ನಲ್ಲಿ ಮೂಲೆಗೆ ಹೊಲಿದು, ಸೂಜಿ ಒಳಗಿಟ್ಟೇ ಬಟ್ಟೆ ತಿರುಗಿಸಿ, ಆಮೇಲೆ ಮೂಲೆಯ ತುದಿಯವರೆಗೂ ಕಟ್ ಕೊಟ್ಟರೆ ಕೆಲಸ ಮುಗಿಯಿತು. ವಿ ತುದಿಯಲ್ಲಿ ಒಂದೆರಡು ಚಿಕ್ಕ ಹೊಲಿಗೆ ಅಡ್ಡಕ್ಕೆ ಹಾಕಿದರೆ ಮಗುಚಿದಾಗ ತುದಿ ಇನ್ನೂ ಸಲೀಸು.

ಕಂಕುಳಿಗೆ? ಪ್ರತ್ಯೇಕ ಫೇಸಿಂಗ್ ಬೇಡ. ಅದು ಸದಾ ಹೊರಗೆ ಬರುತ್ತಲೇ ಇರುತ್ತದೆ. ಎಲ್ಲಾದರೂ ಹೊರಟಾಗ ಬೆರಳಿಂದ ಒಳಗೆ ತಳ್ಳುತ್ತಾ ಇರಬೇಕು. ಜೊತೆಗೆ ಭುಜ 3 ಇಂಚು ಇದ್ದರೆ ಕತ್ತಿನ ಫೇಸಿಂಗೂ ಕಂಕುಳ ಫೇಸಿಂಗೂ ಅಲ್ಲಿ ಒಂದರ ಮೇಲೊಂದು ಹತ್ತಿ ಕೂರುತ್ತವೆ, ಇಸ್ತ್ರಿ ಮಾಡಿದರೆ ಮೇಲೆ ಅಚ್ಚು ಬೀಳುತ್ತದೆ. ಫೇಸಿಂಗೇ ಬೇಕು ಅನ್ನುವವರು ಕತ್ತು, ಭುಜ, ಕಂಕುಳು ಎಲ್ಲ ಸೇರಿಸಿ ಒಂದೇ ತುಂಡಾಗಿ, ಎದೆಯ ಮೇಲ್ಭಾಗದವರೆಗೆ ಕತ್ತರಿಸಿಕೊಳ್ಳಿ. ಲಿನನ್, ಡೆನಿಮ್ ಉಡುಪಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಹೊರಗೆ ಒಂದೂ ಹೊಲಿಗೆ ಕಾಣದೆ ಮಟ್ಟಸವಾಗಿ ನಿಲ್ಲುತ್ತದೆ. ಹಚ್ಚುವ ರೀತಿ ಮುಂದೆ ಹೇಳುವ ಲೈನಿಂಗ್ ಹಾಗೇ.

ಪೂರ್ತಿ ಲೈನಿಂಗ್

ಮೈಸೂರು ರೇಷ್ಮೆ, ಕಾಂಚಿ ರೇಷ್ಮೆ, ಗುಳೇದಗುಡ್ಡದ ಖಣ, ಜರಿ ಇರುವ ಯಾವುದೇ ಬಟ್ಟೆ, ಇವಕ್ಕೆ ಲೈನಿಂಗ್ ಬಿಟ್ಟು ಬೇರೆ ಯೋಚನೆ ಬೇಡ. ಜರಿ ಮೈಗೆ ಚುಚ್ಚುತ್ತದೆ. ಖಣ ಅಂಚಿನಲ್ಲಿ ಎಳೆ ಬಿಡುತ್ತದೆ. ರೇಷ್ಮೆಗೆ ಬೆವರು ತಾಗಿದರೆ ಕಲೆ ಉಳಿಯುತ್ತದೆ. ಹತ್ತಿಯ ಲೈನಿಂಗ್ ಈ ಮೂರನ್ನೂ ತಡೆಯುತ್ತದೆ. ಲೈನಿಂಗ್ ಬಟ್ಟೆಯನ್ನು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ. ಹೊರಗಿನ ರೇಷ್ಮೆ ಹಾಗೇ ಇದ್ದು ಒಳಗಿನ ಹತ್ತಿ ಕುಗ್ಗಿದರೆ ಕತ್ತು, ಕಂಕುಳು ಎರಡೂ ಒಳಕ್ಕೆ ಸುರುಳಿಯಾಗುತ್ತವೆ.

ಕತ್ತು ಮತ್ತು ಎರಡೂ ಆರ್ಮ್‌ಹೋಲ್ ಮೆಷಿನ್‌ನಲ್ಲೇ, ಹೊರಗೆ ಹೊಲಿಗೆ ಕಾಣದ ಹಾಗೆ ಮುಗಿಸುವ ವಿಧಾನ ಮೊದಲ ಸಲ ಮಾಡುವಾಗ ನಂಬುವುದಕ್ಕೇ ಆಗುವುದಿಲ್ಲ. ನಿಧಾನವಾಗಿ ಓದಿ, ಬಟ್ಟೆ ಕೈಯಲ್ಲಿಟ್ಟುಕೊಂಡು ಮಾಡಿ. ಹೊರಬಟ್ಟೆಯ ಭುಜ ಹೊಲಿಯಿರಿ, ಲೈನಿಂಗ್‌ನ ಭುಜವನ್ನೂ ಹೊಲಿಯಿರಿ. ಬದಿಗಳು ತೆರೆದೇ ಇರಲಿ, ಇದು ಬಹಳ ಮುಖ್ಯ. ಮೇಲ್ಮೈಗೆ ಮೇಲ್ಮೈ ಸೇರಿಸಿ ಕತ್ತು ಹೊಲಿದು, ಕಟ್ ಕೊಟ್ಟು, ಅಂಡರ್‌ಸ್ಟಿಚ್ ಹಾಕಿ, ಲೈನಿಂಗ್ ಒಳಗೆ ಮಗುಚಿ ಇಸ್ತ್ರಿ ಮಾಡಿ. ಈಗ ಉಡುಪನ್ನು ಮೇಜಿನ ಮೇಲೆ ಹರಡಿ, ಭುಜಗಳು ನಡುವೆ, ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ಬಲಗಡೆಯ ಆರ್ಮ್‌ಹೋಲಿನಿಂದ ಶುರುಮಾಡಿ ಇಡೀ ಉಡುಪನ್ನು ಎಡಕ್ಕೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಹೋಗಿ, ಎಡಗಡೆಯ ಆರ್ಮ್‌ಹೋಲ್ ಅಂಚು ಕಾಣುವಷ್ಟರಲ್ಲಿ ನಿಲ್ಲಿಸಿ. ಎಡ ಅಂಚಿನ ಹೊರಬಟ್ಟೆಯನ್ನು ಸುರುಳಿಯ ಒಂದು ಕಡೆಯಿಂದ, ಲೈನಿಂಗನ್ನು ಇನ್ನೊಂದು ಕಡೆಯಿಂದ ತಂದು, ಸುರುಳಿ ನಡುವೆ ಇರುವ ಹಾಗೆ ಎರಡರ ಮೇಲ್ಮೈ ಸೇರಿಸಿ ಪಿನ್ ಮಾಡಿ. ಸುರುಳಿಗೆ ಸೂಜಿ ತಾಗದ ಹಾಗೆ ಆರ್ಮ್‌ಹೋಲ್ ಹೊಲಿದು, ಕಟ್ ಕೊಟ್ಟು, ಒಂದು ತುದಿಯಿಂದ ಸುರುಳಿಯನ್ನು ಹೊರಗೆಳೆಯಿರಿ. ಆರ್ಮ್‌ಹೋಲ್ ಎರಡೂ ಕಡೆಯಿಂದ ಅಚ್ಚುಕಟ್ಟಾಗಿ ಮುಗಿದಿರುತ್ತದೆ. ಇನ್ನೊಂದು ಕಡೆಗೂ ಹೀಗೇ. ಕೊನೆಗೆ ಬದಿ ಹೊಲಿಗೆ: ಲೈನಿಂಗ್ ಮೇಲಕ್ಕೆತ್ತಿ, ಕಂಕುಳ ಹೊಲಿಗೆಗೆ ಹೊಲಿಗೆ ಹೊಂದಿಸಿ, ಹೊರಬಟ್ಟೆಯ ತಳದಿಂದ ಲೈನಿಂಗ್ ತಳದವರೆಗೆ ಒಂದೇ ಓಟದಲ್ಲಿ.

ಭುಜ 2 ಇಂಚಿಗಿಂತ ಕಿರಿದಾಗಿದ್ದರೆ ಸುರುಳಿ ಎಳೆಯುವುದು ಕಷ್ಟ. ದಪ್ಪ ಬಟ್ಟೆಯಾದರೆ ಇನ್ನೂ ಅಗಲ ಬೇಕು. ಲೈನಿಂಗ್‌ನ ಆರ್ಮ್‌ಹೋಲ್ ಅಂಚನ್ನು 2 ಮಿಲಿಮೀಟರ್ ಒಳಗೆ ಕತ್ತರಿಸಿಕೊಂಡರೆ ಅದು ಹೊರಗೆ ಇಣುಕುವುದಿಲ್ಲ. ಮೈಸೂರು ರೇಷ್ಮೆ ಮೃದುವಾದ ಕ್ರೇಪ್, ಬಿಚ್ಚಿ ಹೊಲಿದರೆ ತೂತು ಉಳಿಯಬಹುದು. 9 ಅಥವಾ 11 ನಂಬರಿನ ಹೊಸ ಸೂಜಿ ಹಾಕಿ, ಪಿನ್‌ಗಳನ್ನೂ ಮಾರ್ಜಿನ್ ಒಳಗೇ ಚುಚ್ಚಿ.

ಲೈನಿಂಗ್‌ನ ಬೆಲೆ ಶಾಖ. ಮಾರ್ಚ್, ಏಪ್ರಿಲ್‌ನಲ್ಲಿ ದಿನವಿಡೀ ಹಾಕುವ ಕಾಟನ್ ಕುರ್ತಾಗೆ ಲೈನಿಂಗ್ ಕೊಡುವುದು ಮೈಗೆ ಮಾಡುವ ಅನ್ಯಾಯ.

ಸುಮ್ನೆ ಮಡಚಿ ಹೊಲಿಯುವುದು

ಅಂಚನ್ನು ಎರಡು ಸಲ ಮಡಚಿ ಹೊಲಿಯುವುದು ನೇರ ಅಂಚಿಗೆ ಸರಿ, ಕತ್ತು ಕಂಕುಳ ತಿರುವಿಗೆ ಅಲ್ಲ. ಒಳಸುತ್ತಿನ ಅಂಚನ್ನು ದೊಡ್ಡ ಸುತ್ತಿಗೆ ಮಡಚಿದರೆ ಬಟ್ಟೆ ಸಾಲದೆ ಸೊಟ್ಟಗಾಗುತ್ತದೆ. ಓವರ್‌ಲಾಕ್ ಮಾಡಿ ಒಂದು ಸಲ ಮಡಚುವುದು ಇದಕ್ಕಿಂತ ವಾಸಿ, ಆದರೆ ಓವರ್‌ಲಾಕ್ ದಾರ ಕಂಕುಳಿಗೆ ಕೆರೆತ ತರುತ್ತದೆ. ರಾತ್ರಿ ಹಾಕುವ ನೈಟಿಗೂ ನಾನು ಇದನ್ನು ಒಪ್ಪುವುದಿಲ್ಲ.

ಟೀ ಶರ್ಟಿನ ಹೆಣೆದ ಬಟ್ಟೆಯ ದಾರಿಯೇ ಬೇರೆ. ಅದಕ್ಕೆ ಕ್ರಾಸ್ ಪಟ್ಟಿ ಬೇಡ, ಬಟ್ಟೆ ಹೆಚ್ಚು ಹಿಗ್ಗುವ ಅಡ್ಡ ದಿಕ್ಕಿನಲ್ಲಿ ಪಟ್ಟಿ ಕತ್ತರಿಸಿ. ಉದ್ದ ಕತ್ತಿನ ಸುತ್ತಳತೆಗಿಂತ 10 ರಿಂದ 15 ಶೇಕಡಾ ಕಡಿಮೆ ಇರಲಿ, ಸೂಜಿ ಮೊಂಡು ತುದಿಯದಾಗಿರಲಿ.

ಬಟ್ಟೆ ಕೈಯಲ್ಲಿದೆ, ಏನು ಮಾಡಲಿ?

ಮಲ್ ಕಾಟನ್ ಕುರ್ತಾ: ಎರಡಕ್ಕೂ ಅದೇ ಬಟ್ಟೆಯ ಒಳಪಟ್ಟಿ. ಬ್ಲಾಕ್ ಪ್ರಿಂಟ್ ಕಾಟನ್, ವಿ ಕತ್ತು: ಕತ್ತಿಗೆ ಫೇಸಿಂಗ್, ಕಂಕುಳಿಗೆ ಒಳಪಟ್ಟಿ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ ಜೋಡಿ. ಇಳಕಲ್ ಸೀರೆಯನ್ನು ಉಡುಪು ಮಾಡುವುದಾದರೆ ಕತ್ತಿಗೆ ಅಂಚಿನ ಬಣ್ಣದ ಪೈಪಿಂಗ್, ಒಳಗೆ ಎದೆಯವರೆಗಾದರೂ ಲೈನಿಂಗ್. ತೋಳಿಲ್ಲದ ರೇಷ್ಮೆ ರವಿಕೆ: ಪೂರ್ತಿ ಲೈನಿಂಗ್, ಕತ್ತಿಗೆ ಪೈಪಿಂಗ್, ಕಂಕುಳು ಸಾದಾ. ಜಾರ್ಜೆಟ್: ಎರಡು ಪದರದ ಸುತ್ತುಪಟ್ಟಿ. ಮಗುವಿನ ಫ್ರಾಕ್: ಮೃದು ಕಾಟನ್‌ನ ಸುತ್ತುಪಟ್ಟಿ, ಯಾಕೆ ಅಂದರೆ ಮಗು ಬೆಳೆದು ತಂಗಿಗೆ ಹೋಗುವ ಬಟ್ಟೆ ಅದು, ಗಟ್ಟಿಯಾಗಿರಬೇಕು.

ಸಾಮಾನಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಇದ್ದೇ ಇದೆ. ದಾರ, ಲೇಸು, ಪೈಪಿಂಗ್ ಎಲ್ಲ ಅಲ್ಲೇ ಅಕ್ಕಪಕ್ಕ. ಹೋಗುವಾಗ ನಿಮ್ಮ ಬಟ್ಟೆಯ ತುಂಡು ಕೈಯಲ್ಲಿರಲಿ, ಬಣ್ಣವನ್ನು ನೆನಪಿನಿಂದ ಆರಿಸಬೇಡಿ. ರೆಡಿಮೇಡ್ ಕ್ರಾಸ್ ಪಟ್ಟಿ ಕೊಳ್ಳುವುದಾದರೆ ಬೆರಳಿಗೆ ಸುತ್ತಿ ನೋಡಿ. ಗಂಜಿಯ ಬಿಗುವಿಗೆ ಎದ್ದು ನಿಂತರೆ ಕತ್ತಿನಲ್ಲೂ ಹಾಗೇ ನಿಲ್ಲುತ್ತದೆ. ಸ್ಯಾಟಿನ್ ಪಟ್ಟಿ ನೋಡಲು ಚೆಂದ, ಕಂಕುಳಿಗೆ ಬೆವರು ಹೀರುವುದಿಲ್ಲ.

ಟೈಲರ್ ಹತ್ತಿರ ಹೊಲಿಸುವವರು ಬಟ್ಟೆ ಕೊಡುವಾಗಲೇ ಬಾಯಿಬಿಟ್ಟು ಹೇಳಬೇಕು. ಸುಮ್ನೆ "ನೀಟಾಗಿ ಮಾಡಿ" ಅಂದರೆ ಅವರಿಗೆ ರೂಢಿಯಾದದ್ದನ್ನೇ ಮಾಡುತ್ತಾರೆ, ಅವರ ತಪ್ಪೇನಿಲ್ಲ. ಹೀಗೆ ಹೇಳಿ: "ಮಾಸ್ಟರ್, ಕತ್ತಿಗೆ ಪೈಪಿಂಗ್ ಇಡಿ, ಕಂಕುಳಿಗೆ ಬೇಡ. ಅಲ್ಲಿ ಒಳಗೆ ತೆಳು ಕ್ರಾಸ್ ಪಟ್ಟಿ ಸಾಕು. ಸೈಡ್ ಹೊಲಿದ ಮೇಲೆ ಪಟ್ಟಿ ಹಚ್ಚಿ, ಆರ್ಮ್‌ಹೋಲ್ ಅರ್ಧ ಇಂಚು ಮೇಲೆ ಇರಲಿ." ಇಷ್ಟನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ ಮಾಡಿ ಕೊಡಿ. ಕಟಿಂಗ್ ಮಾಡುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು ಇರುವ ಅಂಗಡಿಗಳಲ್ಲಿ ಇಬ್ಬರಿಗೂ ಓದಲು ಸಿಗಬೇಕಾದದ್ದು ಆ ಚೀಟಿ.